ನಿಮಗಿದು ಗೊತ್ತೆ? ಊರವರು ಉಳಿಸಿಕೊಂಡ ಅಂಬಾರಗುಡ್ಡ
ಶಿವಮೊಗ್ಗ ಜಿಲ್ಲೆಯ ಆನಂದಪುರದಿಂದ ಪಶ್ಚಿಮಕ್ಕೆ, ಶರಾವತಿ ಮತ್ತು ಸೋಮೇಶ್ವರ ಅಭಯಾರಣ್ಯಗಳ ನಡುವೆ ಇರುವ ಅಂಬಾರಗುಡ್ಡ ಈಗ ಜೀವವೈವಿಧ್ಯ ಪಾರಂಪರಿಕ ತಾಣ. ಶೋಲಾ ಕಾಡು, ಹುಲ್ಲುಗಾವಲು ಸೇರಿ ಸುಮಾರು 3,857 ಹೆಕ್ಟೇರ್. ಇಲ್ಲಿ ಗಣಿಗಾರಿಕೆ ಬೇಡವೆಂದು ಬೀದಿಗಿಳಿದವರಲ್ಲಿ ಸುತ್ತಲ ಹಳ್ಳಿಗರೂ ಇದ್ದರು ಎಂಬುದನ್ನು ಮರೆಯಬಾರದು. ಅಭಯಾರಣ್ಯವೆಂದರೆ ಮಲೆನಾಡಿನ ಕೃಷಿಕರಿಗೆ ಆತಂಕ ಸಹಜ: ಅಡಿಕೆ ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು (ಒಣ ಎಲೆ), ಅಡುಗೆಮನೆಗೆ ಉಪ್ಪಾಗೆ, ವಾಟೆಹುಳಿ ಎಲ್ಲವೂ ಕಾಡಿನಿಂದಲೇ ಬರಬೇಕು; ಅದಕ್ಕೆ ತಡೆ ಬಿದ್ದೀತೆಂಬ ಭಯ. ಪಾರಂಪರಿಕ ತಾಣದ ದಾರಿ ಬೇರೆ. ಜನ ಕೈಜೋಡಿಸಲು ಅಲ್ಲಿ ಕಾರಣವಿದೆ. 2002ರ ಜೀವವೈವಿಧ್ಯ ಕಾಯ್ದೆಯ 37ನೇ ಕಲಮಿನಂತೆ, ಘೋಷಣೆಗೆ ಮುನ್ನ ರಾಜ್ಯ ಸರ್ಕಾರ ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಬೇಕು. ಘೋಷಣೆಯಿಂದ ಆರ್ಥಿಕವಾಗಿ ನಷ್ಟಕ್ಕೊಳಗಾದವರಿಗೆ ಪರಿಹಾರ ಅಥವಾ ಪುನರ್ವಸತಿ ಯೋಜನೆ ರೂಪಿಸುವ ಹೊಣೆಯೂ ಸರ್ಕಾರದ್ದೇ.