ಅಗ್ಗದ ಕಂಪ್ಯೂಟರಿನಲ್ಲಿ ಓಪನ್ ಸೋರ್ಸ್ ಕೈಕೊಟ್ಟರೆ ಯಾರನ್ನು ಕೇಳಬೇಕು?

ಕಳೆದ ಬೇಸಿಗೆಯಲ್ಲಿ ನಾನು ಮತ್ತು ಇಬ್ಬರು ಗೆಳೆಯರು ಒಂದು ಹಾಸ್ಟೆಲ್‌ಗೆ ದಾನವಾಗಿ ಬಂದಿದ್ದ ಆರು ಹಳೆಯ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಹಾಕಿಕೊಟ್ಟೆವು. ಎಲ್ಲವೂ 2 ಜಿಬಿ ರ್‍ಯಾಮ್‌ನವು. ಮೂರು ತಿಂಗಳು ಚೆನ್ನಾಗಿಯೇ ಓಡಿದವು. ಆಮೇಲೆ ಒಂದು ಅಪ್‌ಡೇಟ್ ಬಂತು, ನಾಲ್ಕರಲ್ಲಿ ವೈಫೈ ಮಾಯ. ಸ್ಕಾಲರ್‌ಶಿಪ್ ಅರ್ಜಿ ಅರ್ಧ ತುಂಬಿದ್ದ ಹುಡುಗಿಯೊಬ್ಬಳು ಫೋನ್ ಮಾಡಿದಳು: "ಅಣ್ಣಾ, ಇದು ಯಾವ ಕಂಪ್ನೀದು? ಅವರಿಗೇ ಫೋನ್ ಮಾಡಿದ್ರೆ ಆಗಲ್ವಾ?"

ಆಗಲ್ಲ, ಯಾಕಂದ್ರೆ ಅಂಥ ಫೋನ್ ನಂಬರೇ ಇಲ್ಲ. ಇದನ್ನು ಅವಳಿಗೆ ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ.

ನಾನೇ ಬಗ್ ರಿಪೋರ್ಟ್ ಬರೆದೆ. ಎರಡು ವಾರದ ನಂತರ ಉತ್ತರ ಬಂತು, ತುಂಬಾ ಮರ್ಯಾದೆಯಿಂದಲೇ. ಹೊಸ ಕರ್ನಲ್ ಕಂಪೈಲ್ ಮಾಡಿ, ಹಳೆಯದಕ್ಕೂ ಹೊಸದಕ್ಕೂ ನಡುವೆ ಯಾವ ಬದಲಾವಣೆಯಿಂದ ತೊಂದರೆ ಶುರುವಾಯಿತು ಅನ್ನೋದನ್ನು ಹುಡುಕಿಕೊಡಿ ಎಂದಿದ್ದರು. ಕೇಳಿದ್ದು ತಪ್ಪಲ್ಲ. ಆ ಲ್ಯಾಪ್‌ಟಾಪ್ ಅವರ ಹತ್ತಿರ ಇಲ್ಲ, ಅವರು ಇನ್ನೇನು ಮಾಡಲು ಸಾಧ್ಯ? ಆದರೆ ಅಂಥ ಯಂತ್ರದಲ್ಲಿ ಒಂದು ಸಲ ಕರ್ನಲ್ ಕಂಪೈಲ್ ಆಗೋಕೆ ಗಂಟೆಗಟ್ಟಲೆ ಬೇಕು. ಇಂಥ ಹುಡುಕಾಟದಲ್ಲಿ ಹತ್ತು–ಹನ್ನೆರಡು ಸಲ ಅದನ್ನೇ ಮಾಡಬೇಕಾಗುತ್ತೆ. ಅಂದರೆ ಪರೀಕ್ಷಿಸುವ ಸಾಮರ್ಥ್ಯ ಇರುವವರ ಬಳಿ ಅಗ್ಗದ ಯಂತ್ರ ಇಲ್ಲ, ಅಗ್ಗದ ಯಂತ್ರ ಇರುವವರ ಬಳಿ ಪರೀಕ್ಷಿಸುವ ಸಾಮರ್ಥ್ಯ ಇಲ್ಲ. ಹಾಗಾದರೆ ಪರೀಕ್ಷೆ ಯಾರ ಹೊಣೆ?

ಲೈಸೆನ್ಸ್ ಹೇಳೋದು ಏನು?

ಕಾನೂನಿನ ಪ್ರಕಾರ ಬರೆದವರ ಹೊಣೆಯಲ್ಲ. ಲಿನಕ್ಸ್ ಕರ್ನಲ್ ಬಳಸುವ 1991ರ ಜಿಪಿಎಲ್ ಎರಡನೇ ಆವೃತ್ತಿಯಲ್ಲೇ ಇದು ಸ್ಪಷ್ಟವಾಗಿದೆ: ಇದಕ್ಕೆ ಯಾವ ವಾರಂಟಿಯೂ ಇಲ್ಲ, ಕೆಲಸ ಮಾಡದಿದ್ದರೆ ನಷ್ಟ ನಿಮ್ಮದೇ. ಎಂಐಟಿ, ಅಪಾಚೆ ಲೈಸೆನ್ಸ್‌ಗಳೂ ಇದನ್ನೇ ಹೇಳುತ್ತವೆ.

ನನ್ನ ಪ್ರಕಾರ ಇದು ನ್ಯಾಯವೇ. ರಾತ್ರಿ ನಿದ್ದೆಗೆಟ್ಟು ಕೋಡ್ ಬರೆದು ಜಗತ್ತಿಗೆ ಪುಕ್ಕಟೆ ಕೊಟ್ಟವರನ್ನು ಕೋರ್ಟಿಗೆ ಎಳೆಯುವಂತಾದರೆ ನಾಳೆ ಯಾರೂ ಬರೆಯೋದಿಲ್ಲ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಅನ್ನೋ ಹಾಗಾಗುತ್ತದೆ. ಆದರೆ ಅದೇ ದಟ್ಟಿಯನ್ನು ಇನ್ನೊಬ್ಬರು ತಂದು ನಮಗೆ ಮಾರಿದರೆ? ಸರ್ಕಾರ ಟೆಂಡರ್ ಕರೆದು ಕೊಂಡರೆ? ಆಗ ಮೊಳ ಹಾಕಲೇಬೇಕು ಅಲ್ವಾ?

ಸಾವಿರ ಕಣ್ಣುಗಳು ಎಲ್ಲಿ ನೋಡುತ್ತಿವೆ?

ಓಪನ್ ಸೋರ್ಸ್ ಪರವಾಗಿ ಪದೇ ಪದೇ ಕೇಳಿಬರುವ ಒಂದು ವಾದ ಎರಿಕ್ ರೇಮಂಡ್ ಅವರ 1997ರ ಪ್ರಬಂಧದ್ದು. ನೋಡುವ ಕಣ್ಣುಗಳು ಸಾಕಷ್ಟಿದ್ದರೆ ಯಾವ ದೋಷವೂ ಬಚ್ಚಿಟ್ಟುಕೊಳ್ಳಲಾರದು ಅನ್ನೋದು ಅದರ ಸಾರ. ಕೋಡ್‌ನ ಮಟ್ಟಿಗೆ ಇದರಲ್ಲಿ ಸತ್ಯವಿದೆ. ಹಾರ್ಡ್‌ವೇರ್ ವಿಷಯದಲ್ಲಿ ಕಣ್ಣು ಸಾಲದು, ಯಂತ್ರವೂ ಕೈಯಲ್ಲಿರಬೇಕು.

ಇವತ್ತು ದೊಡ್ಡ ಪ್ರಾಜೆಕ್ಟ್‌ಗಳ ಹೆಚ್ಚಿನ ಪರೀಕ್ಷೆ ನಡೆಯೋದು ಕ್ಲೌಡ್ ಸರ್ವರ್‌ಗಳಲ್ಲಿ, ತಾನಾಗಿಯೇ. ಕೋಡ್‌ನ ಲೆಕ್ಕಾಚಾರ ಸರಿಯಿದೆಯೇ ಅಂತ ಅಲ್ಲಿ ಗೊತ್ತಾಗುತ್ತದೆ. ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಅಗ್ಗದ ವೈಫೈ ಚಿಪ್ ಎಚ್ಚರವಾಗುತ್ತದೆಯೇ, 2 ಜಿಬಿ ರ್‍ಯಾಮ್‌ನಲ್ಲಿ ಬ್ರೌಸರ್‌ನ ಐದನೇ ಟ್ಯಾಬ್ ತೆರೆದಾಗ ಇಡೀ ಯಂತ್ರ ಹೆಪ್ಪುಗಟ್ಟುತ್ತದೆಯೇ, ಇದು ಅಲ್ಲಿ ತಿಳಿಯೋದಿಲ್ಲ. ಈ ಕೊರತೆ ತುಂಬಲೆಂದೇ 2014ರಲ್ಲಿ ಕರ್ನಲ್‌ಸಿಐ ಎಂಬ ಯೋಜನೆ ಶುರುವಾಯಿತು. 2019ರಲ್ಲಿ ಅದು ಲಿನಕ್ಸ್ ಫೌಂಡೇಶನ್‌ನ ಆಸರೆಗೆ ಬಂತು. ಬೇರೆ ಬೇರೆ ಲ್ಯಾಬ್‌ಗಳು ತಮ್ಮಲ್ಲಿರುವ ನಿಜವಾದ ಬೋರ್ಡ್‌ಗಳ ಮೇಲೆ ಹೊಸ ಕರ್ನಲ್ ಓಡಿಸಿ ನೋಡುತ್ತವೆ. ಒಳ್ಳೆಯ ವ್ಯವಸ್ಥೆ. ಆದರೆ ಯಾವ ಬೋರ್ಡನ್ನು ಯಾರೂ ಲ್ಯಾಬಿನಲ್ಲಿ ಇಟ್ಟಿಲ್ಲವೋ ಅದರ ಪರೀಕ್ಷೆ ಅಲ್ಲಿ ಆಗುವುದಿಲ್ಲ.

ಪರೀಕ್ಷಿಸುವವರು ಇಲ್ಲದ ಯಂತ್ರ ನಿಧಾನಕ್ಕೆ ಪಟ್ಟಿಯಿಂದಲೇ ಜಾರುತ್ತದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13, ಹಳೆಯ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೊಡುವುದನ್ನೇ ನಿಲ್ಲಿಸಿತು. ಸ್ವಯಂಸೇವಕರ ಮೇಲೆ ನಿಂತಿರುವ ಪ್ರಾಜೆಕ್ಟ್ ಎಲ್ಲವನ್ನೂ ಎಲ್ಲ ಕಾಲಕ್ಕೂ ಹೊರಲಾರದು. ಅದನ್ನು ಬೈಯೋದರಲ್ಲಿ ಅರ್ಥವಿಲ್ಲ.

ಒಂದೇ ಮೆಮೊರಿ, ಎರಡು ಹಣೆಬರಹ

"ಅಗ್ಗದ್ದು ಅಂದಮೇಲೆ ಅಷ್ಟೇ ಬಿಡಿ" ಅಂತ ಹೇಳುವವರಿಗೆ ಒಂದು ಹೋಲಿಕೆ ಕೊಡುತ್ತೇನೆ.

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆಕಾಶ್ ಟ್ಯಾಬ್ಲೆಟ್ ಬಿಡುಗಡೆ ಮಾಡಿತು. 35 ಡಾಲರ್ ಟ್ಯಾಬ್ಲೆಟ್ ಎಂದೇ ಹೆಸರಾಗಿದ್ದ ಅದರಲ್ಲಿದ್ದದ್ದು 256 ಎಂಬಿ ಮೆಮೊರಿ ಮತ್ತು ಆಂಡ್ರಾಯ್ಡ್ 2.2. ನಿಧಾನ, ಟಚ್ ಸರಿಯಿಲ್ಲ, ಬ್ಯಾಟರಿ ನಿಲ್ಲಲ್ಲ ಎಂಬ ದೂರುಗಳು ಬೇಗನೇ ಬಂದವು. ಯಂತ್ರ ಯಾವ ಮಟ್ಟದ ಪರೀಕ್ಷೆಯಲ್ಲಿ ಪಾಸಾಗಬೇಕು ಎಂಬ ವಿಷಯಕ್ಕೇ ತಯಾರಕ ಡೇಟಾವಿಂಡ್‌ಗೂ ಯೋಜನೆಯ ಹೊಣೆ ಹೊತ್ತಿದ್ದ ಐಐಟಿ ರಾಜಸ್ಥಾನಕ್ಕೂ ಜಟಾಪಟಿ ನಡೆಯಿತು. ಕೊನೆಗೆ ಯೋಜನೆ ಐಐಟಿ ಬಾಂಬೆಗೆ ಹೋಯಿತು. ಪರೀಕ್ಷೆಯ ಮಾನದಂಡ ಟೆಂಡರ್‌ಗೆ ಮುಂಚೆ ಬಗೆಹರಿಯಬೇಕಿತ್ತು. ಅದರ ಜಗಳ ನಡೆದದ್ದು ಆರ್ಡರ್ ಕೊಟ್ಟಾದ ಮೇಲೆ.

ಐದು ತಿಂಗಳೂ ಕಳೆದಿರಲಿಲ್ಲ. 2012ರ ಫೆಬ್ರವರಿ 29ರಂದು ಬ್ರಿಟನ್‌ನಲ್ಲಿ ರಾಸ್ಪ್‌ಬೆರಿ ಪೈ ಬಂತು. ಅದಕ್ಕೂ 35 ಡಾಲರ್, ಅದರಲ್ಲೂ 256 ಎಂಬಿ ಮೆಮೊರಿ. ಪೈಗೆ ಪರದೆ, ಬ್ಯಾಟರಿ ಇಲ್ಲ, ಹಾಗಾಗಿ ಹೋಲಿಕೆ ಪೂರ್ತಿ ಸಮ ಅಲ್ಲ, ಒಪ್ಪುತ್ತೇನೆ. ಆದರೆ ಸಾಫ್ಟ್‌ವೇರ್ ಮಾತ್ರ ನೋಡಿ. ಪೈನ 32 ಬಿಟ್ ಓಎಸ್ ಇವತ್ತಿಗೂ ಆ ಮೊದಲ ಬೋರ್ಡ್‌ನಲ್ಲಿ ಓಡುತ್ತದೆ. ಯಾಕೆ? ಬೋರ್ಡ್ ಮಾರುವವರೇ ಓಎಸ್ ನೋಡಿಕೊಳ್ಳುತ್ತಾರೆ. ತಮ್ಮ ಬದಲಾವಣೆಗಳನ್ನು ಮುಖ್ಯ ಲಿನಕ್ಸ್‌ಗೆ ಕಳಿಸುವ ಕೆಲಸಕ್ಕೆ ಸಂಬಳದ ಜನ ಇದ್ದಾರೆ. ಹೀಗಾಗಿ ಬೆಲೆಯನ್ನು ದೂರಿ ಪ್ರಯೋಜನವಿಲ್ಲ. ಪೈಗೆ ಹೇಳುವವರು ಕೇಳುವವರು ಇದ್ದರು, ವ್ಯತ್ಯಾಸ ಇರೋದು ಅಲ್ಲಿ.

ಯುರೋಪ್ ಗೆರೆ ಎಳೆದದ್ದು ಎಲ್ಲಿ?

ಯುರೋಪಿಯನ್ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಆ್ಯಕ್ಟ್ 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಅದರ ಮುಖ್ಯ ಕಟ್ಟಳೆಗಳು 2027ರ ಡಿಸೆಂಬರ್‌ನಿಂದ ಅನ್ವಯಿಸುತ್ತವೆ. ಇದು ಭದ್ರತೆಯ ಕಾನೂನು, ವೈಫೈ ಕೆಡುವುದಕ್ಕೆಲ್ಲ ಪರಿಹಾರ ಅಲ್ಲ. ಆದರೆ ಅದು ಹೊಣೆ ಹಂಚಿದ ರೀತಿ ನಮಗೂ ಪಾಠ. ವ್ಯಾಪಾರದ ಉದ್ದೇಶವಿಲ್ಲದೆ ಓಪನ್ ಸೋರ್ಸ್ ಬರೆಯುವವರನ್ನು ಅದು ಹೊರಗಿಟ್ಟಿದೆ. ಅಂಥ ಕೋಡ್ ಬಳಸಿ ಉತ್ಪನ್ನ ಮಾರುವ ತಯಾರಕರು ತಾವು ಸೇರಿಸಿದ ಪ್ರತಿ ಭಾಗವನ್ನೂ ಪರಿಶೀಲಿಸಬೇಕು, ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಭದ್ರತಾ ಬೆಂಬಲ ಕೊಡಬೇಕು. ಸರಳವಾಗಿ ಹೇಳೋದಾದರೆ, ದುಡ್ಡು ಇಸಿದುಕೊಂಡವರು ಹೊಣೆ ಹೊರಬೇಕು.

ಈಗ ನಮ್ಮ ಸರದಿ

ಇದು ಕರ್ನಾಟಕಕ್ಕೆ ದೂರದ ಮಾತಲ್ಲ. 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್ ಹೊತ್ತಿಗೆ ರಾಜ್ಯ ಸರ್ಕಾರ ಮತ್ತು ಕಿಯೋನಿಕ್ಸ್ ಸೇರಿ 'ಕಿಯೋ' ಎಂಬ ಕಂಪ್ಯೂಟರನ್ನು ಮುಂದಿಟ್ಟವು. ಬೆಲೆ 18,999 ರೂಪಾಯಿ. ಒಳಗೆ ರಿಸ್ಕ್-ಫೈವ್ ಪ್ರೊಸೆಸರ್, ಮೇಲೆ ಲಿನಕ್ಸ್ ಆಧಾರಿತ ಓಎಸ್. ಯಾವ ಕಂಪನಿಯ ಹಂಗೂ ಇಲ್ಲದೆ ಬಳಸಬಹುದಾದ ಚಿಪ್ ವಿನ್ಯಾಸವನ್ನು ಒಂದು ರಾಜ್ಯ ಸರ್ಕಾರ ಆರಿಸಿಕೊಂಡದ್ದು ನನಗೆ ನಿಜಕ್ಕೂ ಖುಷಿ.

ಆತಂಕವೂ ಇದೆ. ಡೆಬಿಯನ್ 13 ಮೊದಲ ಬಾರಿಗೆ ರಿಸ್ಕ್-ಫೈವ್‌ಗೆ ಅಧಿಕೃತ ಬೆಂಬಲ ಕೊಟ್ಟಿತು. ಅದೇ ವರ್ಷ ಉಬುಂಟು 25.10, ಆರ್‌ವಿಎ23 ಎಂಬ ಹೊಸ ಮಟ್ಟದ ಚಿಪ್‌ಗಳನ್ನಷ್ಟೇ ಒಪ್ಪುತ್ತೇನೆ ಎಂದಿತು. ಮಾರುಕಟ್ಟೆಯಲ್ಲಿದ್ದ ಬಹುತೇಕ ಎಲ್ಲ ರಿಸ್ಕ್-ಫೈವ್ ಬೋರ್ಡ್‌ಗಳೂ ಒಂದೇ ಏಟಿಗೆ ಹೊಸ ಉಬುಂಟುವಿನಿಂದ ಹೊರಗುಳಿದವು. ಹಳೆಯ 24.04 ಆವೃತ್ತಿಯಲ್ಲೇ ಇರಬೇಕಾಯಿತು. ಇಷ್ಟು ವೇಗವಾಗಿ ಬದಲಾಗುವ ಕಡೆ, ಶಾಲೆಯ ಮಗುವಿನ ಕೈಗೆ ಹೋದ ಯಂತ್ರವನ್ನು ಪ್ರತಿ ಅಪ್‌ಡೇಟ್‌ಗೂ ಮುಂಚೆ ಓಡಿಸಿ ನೋಡುವ ಒಂದು ಲ್ಯಾಬ್ ಇರಲೇಬೇಕು.

ಇದು ಆಗದ ಮಾತೇನಲ್ಲ. ಪಕ್ಕದ ಕೇರಳದಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆ ಉಬುಂಟುವನ್ನು ಶಾಲೆಗಳಿಗೆ ಒಗ್ಗಿಸಿ ತನ್ನದೇ ಆವೃತ್ತಿ ಕೊಡುತ್ತದೆ, ಶಿಕ್ಷಕರಿಗೆ ತರಬೇತಿಯನ್ನೂ ಕೊಡುತ್ತದೆ. ಅಲ್ಲಿನ ಶಿಕ್ಷಕರಿಗೆ ಕೇಳೋಕೆ ಒಂದು ವಿಳಾಸವಿದೆ.

ಕೇಂದ್ರ ಸರ್ಕಾರ 2015ರಲ್ಲೇ ಓಪನ್ ಸೋರ್ಸ್ ಅಳವಡಿಕೆಯ ನೀತಿ ಹೊರಡಿಸಿತು. ಲೈಸೆನ್ಸ್ ಖರ್ಚು ಉಳಿಯುತ್ತೆ ಅನ್ನೋದು ಎಲ್ಲರಿಗೂ ಇಷ್ಟ. ಆ ಉಳಿದ ದುಡ್ಡಿನಲ್ಲಿ ಒಂದು ಪಾಲು ಪರೀಕ್ಷೆಗೆ ಹೋಗದಿದ್ದರೆ, ಪರೀಕ್ಷೆಯನ್ನು ಬಡ ವಿದ್ಯಾರ್ಥಿಗಳ ಕೈಯಲ್ಲಿ ಸಂಬಳವಿಲ್ಲದೆ ಮಾಡಿಸಿಕೊಂಡ ಹಾಗೆ. ಅವರ ಕೂಲಿ ಕಳೆದುಹೋದ ಅರ್ಜಿ, ತಪ್ಪಿದ ಕೊನೆಯ ದಿನಾಂಕ.

ಆದ್ದರಿಂದ ನಿಮ್ಮ ಕಾಲೇಜಿಗೋ ಊರಿನ ಶಾಲೆಗೋ ಸರ್ಕಾರಿ ಕಂಪ್ಯೂಟರ್ ಬಂದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಒಂದು ಆರ್‌ಟಿಐ ಅರ್ಜಿ ಹಾಕಿ. ಮೂರು ದಾಖಲೆ ಕೇಳಿ: ಟೆಂಡರ್‌ನಲ್ಲಿ ಎಷ್ಟು ವರ್ಷದ ಸಾಫ್ಟ್‌ವೇರ್ ಅಪ್‌ಡೇಟ್ ಬರೆದಿದೆ? ಇದೇ ಮಾಡೆಲ್ ಮೇಲೆ ನಡೆದ ಪರೀಕ್ಷೆಯ ವರದಿ ಎಲ್ಲಿ? ಕೆಟ್ಟರೆ ಕನ್ನಡದಲ್ಲಿ ದೂರು ತೆಗೆದುಕೊಳ್ಳುವವರು ಯಾರು? ಉತ್ತರಕ್ಕೆ 30 ದಿನದ ಗಡುವಿದೆ.

ಹಾಸ್ಟೆಲ್‌ನ ನಾಲ್ಕು ಲ್ಯಾಪ್‌ಟಾಪ್‌ಗಳಿಗೆ ನಾವು ಹಳೆಯ ಕರ್ನಲ್ಲನ್ನೇ ವಾಪಸ್ ಹಾಕಿದೆವು. ವೈಫೈ ಬಂತು, ಅರ್ಜಿಯೂ ಹೋಯಿತು. ಮುಂದಿನ ಅಪ್‌ಡೇಟ್ ಬಂದಾಗ ಅವಳು ಮತ್ತೆ ನನಗೇ ಫೋನ್ ಮಾಡುತ್ತಾಳೆ. ಅದು ತಪ್ಪಬೇಕು.