ನ್ಯಾನೊ ಎಂದರೇನು? ಒಣಭೂಮಿ ಬೇಸಾಯಗಾರರು ತಿಳಿದಿರಬೇಕಾದ ಸಂಗತಿಗಳು

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ನಮ್ಮ ರಾಜ್ಯದ ಮಧ್ಯ ಒಣ ವಲಯಕ್ಕೆ ಸೇರಿದವು. ಕೆಂಪು ಮರಳುಮಿಶ್ರಿತ ಭೂಮಿ, ನೆಚ್ಚಲಾಗದ ಮಳೆ, ಮುಖ್ಯ ಬೆಳೆಗಳಾಗಿ ನೆಲಗಡಲೆ ಮತ್ತು ರಾಗಿ, ಇವು ಇಲ್ಲಿಯ ಬೇಸಾಯದ ಲಕ್ಷಣಗಳು. ಮುಂಗಾರಿನಲ್ಲಿ ಯೂರಿಯಾ ಮೂಟೆಗಾಗಿ ಸೊಸೈಟಿಯ ಮುಂದೆ ನಿಲ್ಲುವ ರೈತರ ಕೈಗೆ ಈಗ ಅರ್ಧ ಲೀಟರಿನ ಒಂದು ಬಾಟಲಿಯೂ ಬರುತ್ತಿದೆ. ಅದರ ಮೇಲೆ 'ನ್ಯಾನೊ' ಎಂದು ಬರೆದಿರುತ್ತದೆ. 'ಈ ಬಾಟಲಿ ಒಂದು ಮೂಟೆಗೆ ಸಮವೇ? ಮೂಟೆ ಬಿಟ್ಟು ಇದನ್ನೇ ಹಾಕಬಹುದೇ?' ಎಂದು ರೈತ ಬಾಂಧವರು ಕೇಳುವುದು ಸಹಜ. ಉತ್ತರ ತಪ್ಪಾದರೆ ಕಳೆದುಕೊಳ್ಳುವುದು ಬಾಟಲಿಯ ಬೆಲೆಯನ್ನಷ್ಟೇ ಅಲ್ಲ, ಮನೆಯ ಒಂದು ವರ್ಷದ ರಾಗಿಯನ್ನು. ಆದುದರಿಂದ ನ್ಯಾನೊ ಎಂದರೇನು, ಅದು ಯಾವ ಕೆಲಸಕ್ಕೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ನ್ಯಾನೊ ಒಂದು ಅಳತೆ

ನ್ಯಾನೊ ಎಂಬುದು ಗೊಬ್ಬರದ ಹೆಸರಲ್ಲ, ಔಷಧಿಯ ಹೆಸರೂ ಅಲ್ಲ. ಗೇಣು, ಮೊಳ, ಮಾರು ಇದ್ದಂತೆ ಅದೊಂದು ಅಳತೆ. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ಕುಬ್ಜ ಎಂದು ಅರ್ಥ. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಬರುವ ಒಂದು ಭಾಗವೇ ನ್ಯಾನೊಮೀಟರ್. ಅಳತೆಪಟ್ಟಿಯಲ್ಲಿ ಕಾಣುವ ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೊಮೀಟರುಗಳಿವೆ. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ನೆಲಗಡಲೆ ಬೇರಿನ ಗಂಟಿನಲ್ಲಿರುವ ರೈಜೋಬಿಯಂ ಜೀವಾಣುವಿನ ಗಾತ್ರ ಸುಮಾರು 1,000 ನ್ಯಾನೊಮೀಟರ್. ಥ್ರಿಪ್ಸ್ ನುಸಿಯಿಂದ ಹರಡಿ ನೆಲಗಡಲೆಯ ಕುಡಿಯನ್ನು ಒಣಗಿಸುವ ನಂಜುರೋಗದ ವೈರಸ್ಸು ಸುಮಾರು 100 ನ್ಯಾನೊಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಒಳಗಿನ ಕಣಗಳನ್ನು ನ್ಯಾನೊ ಕಣಗಳೆಂದೂ, ಅವುಗಳನ್ನು ಬೇಕಾದ ಗಾತ್ರಕ್ಕೆ ತಯಾರಿಸಿ ಬಳಸುವ ವಿದ್ಯೆಯನ್ನು ನ್ಯಾನೊ ತಂತ್ರಜ್ಞಾನವೆಂದೂ ಕರೆಯುತ್ತಾರೆ. ಈ ಹೆಸರನ್ನು 1974ರಲ್ಲಿ ಮೊದಲು ಬಳಸಿದವರು ಜಪಾನಿನ ವಿಜ್ಞಾನಿ ನೊರಿಯೊ ತಾನಿಗುಚಿ. ನಮ್ಮಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಭಾರತರತ್ನ ಸಿ.ಎನ್.ಆರ್. ರಾವ್ ಅವರು ಈ ಕ್ಷೇತ್ರದಲ್ಲಿ ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ.

ಚಿಕ್ಕದಾದರೆ ಬದಲಾಗುವುದೇನು?

ಬೆಲ್ಲದ ಅಚ್ಚನ್ನು ಹಾಗೆಯೇ ನೀರಿಗೆ ಹಾಕಿದರೆ ಕರಗಲು ಹೊತ್ತು ಹಿಡಿಯುತ್ತದೆ. ಕುಟ್ಟಿ ಪುಡಿ ಮಾಡಿ ಹಾಕಿದರೆ ಕೂಡಲೇ ಕರಗುತ್ತದೆ. ಬೆಲ್ಲದ ತೂಕ ಒಂದೇ, ನೀರಿಗೆ ತಾಗುವ ಮೈ ಮಾತ್ರ ಹೆಚ್ಚಾಯಿತು.

ಇದನ್ನೇ ಲೆಕ್ಕ ಹಾಕಿ ನೋಡೋಣ. ಉದ್ದ, ಅಗಲ, ಎತ್ತರ ಒಂದೊಂದು ಸೆಂಟಿಮೀಟರ್ ಇರುವ ಒಂದು ತುಂಡಿಗೆ ಆರು ಮುಖಗಳು. ಅದರ ಒಟ್ಟು ಮೈ 6 ಚದರ ಸೆಂಟಿಮೀಟರ್. ಅದನ್ನು ಒಂದು ಮಿಲಿಮೀಟರಿನ ತುಂಡುಗಳಾಗಿ ಕತ್ತರಿಸಿದರೆ 1,000 ತುಂಡುಗಳಾಗಿ, ಒಟ್ಟು ಮೈ 60 ಚದರ ಸೆಂಟಿಮೀಟರ್ ಆಗುತ್ತದೆ. ಒಂದು ನ್ಯಾನೊಮೀಟರಿನ ತುಂಡುಗಳವರೆಗೆ ಕತ್ತರಿಸಿದರೆ ಒಟ್ಟು ಮೈ 6,000 ಚದರ ಮೀಟರ್, ಅಂದರೆ ಸುಮಾರು ಒಂದೂವರೆ ಎಕರೆ! ಬೆರಳ ತುದಿಯ ಮೇಲೆ ನಿಲ್ಲುವ ತುಂಡು ಒಂದೂವರೆ ಎಕರೆಯಷ್ಟು ಮೈ ಪಡೆಯುತ್ತದೆ. ಅಂಟುವುದು, ಕರಗುವುದು, ರಾಸಾಯನಿಕ ಕ್ರಿಯೆ ನಡೆಯುವುದು ಎಲ್ಲವೂ ಮೈಯ ಮೇಲೆಯೇ ಆದುದರಿಂದ ನ್ಯಾನೊ ಕಣಗಳು ಬಹು ಚುರುಕಾಗಿರುತ್ತವೆ.

ಆದರೆ ಒಂದು ಮಾತನ್ನು ಇಲ್ಲಿಯೇ ಮನದಟ್ಟು ಮಾಡಿಕೊಳ್ಳಬೇಕು. ಎಷ್ಟೇ ನುಣ್ಣಗೆ ಪುಡಿ ಮಾಡಿದರೂ ಒಂದು ಕಿಲೋ ಬೆಲ್ಲ ಎರಡು ಕಿಲೋ ಆಗುವುದಿಲ್ಲ. ಮೈ ಹೆಚ್ಚುತ್ತದೆ, ತೂಕ ಹೆಚ್ಚುವುದಿಲ್ಲ. ಮುಂದಿನ ವಿಷಯಗಳೆಲ್ಲ ಈ ಮಾತಿನ ಮೇಲೆಯೇ ನಿಂತಿವೆ.

ನಿಮ್ಮ ಹೊಲದಲ್ಲಿರುವ ನ್ಯಾನೊ

ನ್ಯಾನೊ ಹೊಸ ಹೆಸರಾದರೂ ವಸ್ತು ಹೊಸದಲ್ಲ. ಮಣ್ಣಿನಲ್ಲಿರುವ ಜೇಡಿ ಅತಿ ತೆಳುವಾದ ಪದರಗಳಿಂದ ಆಗಿದೆ. ಒಂದೊಂದು ಪದರದ ದಪ್ಪ ಸುಮಾರು ಒಂದು ನ್ಯಾನೊಮೀಟರ್ ಮಾತ್ರ. ಕೆಲವು ಬಗೆಯ ಜೇಡಿಯಲ್ಲಿ ಒಂದು ಗ್ರಾಂನ ಒಟ್ಟು ಮೈ 700 ಚದರ ಮೀಟರ್, ಎಂದರೆ ಸುಮಾರು ಏಳು ಗುಂಟೆ. ಈ ಮೈಗೆ ನೀರು, ಸುಣ್ಣಾಂಶ, ಪೊಟ್ಯಾಷ್ ಮೊದಲಾದವು ಅಂಟಿಕೊಂಡು ಬೆಳೆಗೆ ಬೇಕಾದಾಗ ಸಿಗುತ್ತವೆ. ಮರಳಿಗೆ ಈ ಗುಣವಿಲ್ಲ. ಆದುದರಿಂದಲೇ ಮರಳು ಹೆಚ್ಚಿರುವ ಕೆಂಪು ಭೂಮಿಯಲ್ಲಿ ಮಳೆ ಬಂದು ಹೋದ ಕೆಲವೇ ದಿನಗಳಲ್ಲಿ ಪೈರು ಬಾಡುತ್ತದೆ.

ಬೇಸಗೆಯಲ್ಲಿ ಕೆರೆ ಗೋಡನ್ನು ಗಾಡಿಯಲ್ಲಿ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದ ನಮ್ಮ ಹಿರಿಯರು ಈ ನುಣುಪು ಜೇಡಿಯನ್ನೇ ಮರಳು ಭೂಮಿಗೆ ಸೇರಿಸುತ್ತಿದ್ದರು. ಅಳತೆ ಗೊತ್ತಿಲ್ಲದಿದ್ದರೂ ಗುಣ ಗೊತ್ತಿತ್ತು. ಚೌಳು ಇಲ್ಲವೆಂದು ಪರೀಕ್ಷೆ ಮಾಡಿಸಿದ ಕೆರೆ ಗೋಡು ಇಂದಿಗೂ ಈ ನಾಲ್ಕು ತಾಲ್ಲೂಕುಗಳ ಕೆಂಪು ಭೂಮಿಗೆ ಒಳ್ಳೆಯ ನ್ಯಾನೊ ವಸ್ತು.

ಪಾವಗಡದ ತಿರುಮಣಿ, ವಳ್ಳೂರು ಕಡೆಯ 2,050 ಮೆಗಾವಾಟಿನ ಸೌರ ವಿದ್ಯುತ್ ಪಾರ್ಕನ್ನು ನೀವು ನೋಡಿರಬಹುದು. ಸೌರ ಫಲಕಗಳ ಗಾಜಿನ ಮೇಲೆ, ಬೆಳಕು ಹಿಂದಕ್ಕೆ ಹೊಳೆದು ವ್ಯರ್ಥವಾಗದಂತೆ, ನೂರು ನ್ಯಾನೊಮೀಟರಿನ ಆಸುಪಾಸು ದಪ್ಪದ ಲೇಪವನ್ನು ಕೊಡುವುದು ವಾಡಿಕೆ.

ಕುಡಿಯುವ ನೀರು ಮತ್ತು ಫ್ಲೋರೈಡ್

ಪಾವಗಡ, ಶಿರಾ, ಮಧುಗಿರಿ ಭಾಗದ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೂ 1.5 ಮಿಲಿಗ್ರಾಂ ಮೀರಬಾರದು. ಮೀರಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಬೀಳುತ್ತದೆ. ವರ್ಷಾನುಗಟ್ಟಲೆ ಕುಡಿದವರ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಆರ್.ಓ. ಪೊರೆಯಿದ್ದರೆ ಅದೂ ನ್ಯಾನೊ ಅಳತೆಯ ಕೆಲಸವೇ. ಆ ಪೊರೆಯಲ್ಲಿ ನೀರು ನುಸುಳುವ ದಾರಿ ಒಂದು ನ್ಯಾನೊಮೀಟರಿಗಿಂತಲೂ ಕಿರಿದು. ನೀರು ಹಾದುಹೋಗುತ್ತದೆ, ಫ್ಲೋರೈಡ್ ಮತ್ತು ಲವಣಗಳ ಬಹುಭಾಗ ಹಿಂದುಳಿಯುತ್ತದೆ. ಇನ್ನೊಂದು ವಿಧಾನದಲ್ಲಿ ಬಳಸುವ ಆಕ್ಟಿವೇಟೆಡ್ ಅಲ್ಯೂಮಿನಾ ಎಂಬ ಬಿಳಿ ಹರಳಿನ ಒಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳಿದ್ದು, ಅವುಗಳ ಗೋಡೆಗೆ ಫ್ಲೋರೈಡ್ ಅಂಟಿಕೊಳ್ಳುತ್ತದೆ.

ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ, ಸಾಮಾನ್ಯ ಕ್ಯಾಂಡಲ್ ಫಿಲ್ಟರಿನಿಂದಲೂ ಅದು ಹೋಗದು. ಪೊರೆ ಹಳತಾದರೆ ಘಟಕದ ನೀರೂ ಕೆಡುತ್ತದೆ. ಆದುದರಿಂದ ಘಟಕದ ನೀರನ್ನು ಆಗಾಗ್ಗೆ ಪರೀಕ್ಷೆ ಮಾಡಿಸುವಂತೆ ಗ್ರಾಮ ಪಂಚಾಯಿತಿಯನ್ನು ಕೇಳಿರಿ. ಘಟಕದಿಂದ ಹೊರಬರುವ ತ್ಯಾಜ್ಯ ನೀರಿನಲ್ಲಿ ಲವಣ ಮತ್ತು ಫ್ಲೋರೈಡ್ ಗಟ್ಟಿಯಾಗಿರುವುದರಿಂದ ಅದನ್ನು ದನಕರುಗಳಿಗೆ ಕುಡಿಸಬಾರದು.

ಬಾಟಲಿ ಮತ್ತು ಮೂಟೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇಫ್ಕೊ ಸಹಕಾರ ಸಂಸ್ಥೆಯು ನ್ಯಾನೊ ಯೂರಿಯಾ ದ್ರಾವಣವನ್ನು 2021ರಲ್ಲಿ ಮಾರುಕಟ್ಟೆಗೆ ತಂದಿತು. ಕಣದ ಗಾತ್ರ 20ರಿಂದ 50 ನ್ಯಾನೊಮೀಟರ್, ಅರ್ಧ ಲೀಟರಿನ ಬಾಟಲಿ, ಸಾರಜನಕ ಶೇಕಡ 4 ಎಂದು ತಿಳಿಸಲಾಯಿತು. ಒಂದು ಬಾಟಲಿ ಒಂದು ಮೂಟೆ ಯೂರಿಯಾದ ಬದಲಿಗೆ ಸಾಕು ಎಂದೂ, ಸುಮಾರು 11,000 ರೈತರ ಹೊಲಗಳಲ್ಲಿ 94 ಬೆಳೆಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಇಳುವರಿ ಸರಾಸರಿ ಶೇಕಡ 8ರಷ್ಟು ಹೆಚ್ಚಿತೆಂದೂ ಪ್ರಚಾರವಾಯಿತು. 2024ರಲ್ಲಿ ಸಾರಜನಕವನ್ನು ಶೇಕಡ 20ಕ್ಕೆ ಏರಿಸಿದ ದ್ರಾವಣ ಬಂದಿತು.

ಲೆಕ್ಕ ನೋಡಿರಿ. 45 ಕಿಲೋ ಮೂಟೆಯಲ್ಲಿ ಶೇಕಡ 46ರಂತೆ 20.7 ಕಿಲೋ ಸಾರಜನಕವಿದೆ. ಅರ್ಧ ಲೀಟರಿನ ಬಾಟಲಿಯಲ್ಲಿ ಶೇಕಡ 4ರಂತೆ 20 ಗ್ರಾಂ, ಶೇಕಡ 20 ಇದ್ದರೂ 100 ಗ್ರಾಂ. ಮಣ್ಣಿಗೆ ಹಾಕಿದ ಯೂರಿಯಾದಲ್ಲಿ ಬಹಳಷ್ಟು ನಷ್ಟವಾಗುತ್ತದೆ ಎಂಬುದು ನಿಜ. ಮೂರನೆಯ ಒಂದು ಭಾಗ ಮಾತ್ರ ಬೆಳೆಗೆ ದಕ್ಕಿದರೂ ಅದು ಸುಮಾರು 7 ಕಿಲೋ ಆಯಿತು. ಬಾಟಲಿಯಲ್ಲಿರುವುದು ಪೂರ್ತಿಯಾಗಿ ಎಲೆಯೊಳಗೆ ಇಳಿದರೂ 100 ಗ್ರಾಂ ದಾಟುವುದಿಲ್ಲ.

ಬೆಳೆಯ ಕಡೆಯಿಂದಲೂ ನೋಡಿರಿ. ಎಕರೆಗೆ 10 ಕ್ವಿಂಟಲ್ ರಾಗಿ ಬಂದರೆ ಕಾಳಿನಲ್ಲಿಯೇ ಸುಮಾರು 11ರಿಂದ 12 ಕಿಲೋ ಸಾರಜನಕ ಮನೆಗೆ ಬರುತ್ತದೆ. ಹುಲ್ಲಿನಲ್ಲಿ ಹೋಗುವುದು ಬೇರೆ. ಇಷ್ಟು ಸಾರಜನಕ ಎಲ್ಲಿಂದಲಾದರೂ ಬರಲೇಬೇಕು. ನಾವು ಕೊಡದಿದ್ದರೆ ಬೆಳೆ ಅದನ್ನು ಮಣ್ಣಿನ ಗಂಟಿನಿಂದಲೇ ತೆಗೆದುಕೊಳ್ಳುತ್ತದೆ. ಮೊದಲ ವರ್ಷ ಪೈರು ಹಸಿರಾಗಿಯೇ ಕಾಣಬಹುದು. ವರ್ಷಗಳು ಕಳೆದಂತೆ ಭೂಮಿ ಬಡವಾಗುತ್ತದೆ. ಲುಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾನಿಲಯದ ಎರಡು ವರ್ಷಗಳ ಪ್ರಯೋಗದಲ್ಲಿ, ಯೂರಿಯಾ ಕಡಿಮೆ ಮಾಡಿ ನ್ಯಾನೊ ಯೂರಿಯಾ ಸಿಂಪಡಿಸಿದಾಗ ಪೂರ್ಣ ಶಿಫಾರಸಿಗೆ ಹೋಲಿಸಿದರೆ ಭತ್ತದ ಇಳುವರಿ ಶೇಕಡ 13ರಷ್ಟೂ, ಗೋಧಿಯದು ಶೇಕಡ 21.6ರಷ್ಟೂ ಇಳಿಯಿತು.

ಎಲೆಯ ಮೂಲಕ ಸಾರಜನಕ ಕೊಡಬೇಕೆಂದರೆ ಹಳೆಯ ಉಪಾಯವೂ ಇದೆ. ಶೇಕಡ 2ರ ಯೂರಿಯಾ ದ್ರಾವಣ, ಎಂದರೆ ಲೀಟರು ನೀರಿಗೆ 20 ಗ್ರಾಂನಂತೆ ಎಕರೆಗೆ 200 ಲೀಟರು ಸಿಂಪಡಿಸಿದರೆ 4 ಕಿಲೋ ಯೂರಿಯಾ ಸಾಕು. ಇದರಿಂದ ದೊರೆಯುವ ಸಾರಜನಕ 1.84 ಕಿಲೋ, ಖರ್ಚು ಮೂವತ್ತು ರೂಪಾಯಿಯೊಳಗೆ.

ಸತುವಿನ ಲೆಕ್ಕ ಬೇರೆ, ಸುಣ್ಣಾಂಶದ ಲೆಕ್ಕ ಬೇರೆ

ಹಾಗಾದರೆ ನ್ಯಾನೊ ಗೊಬ್ಬರ ನಿಷ್ಪ್ರಯೋಜಕವೇ? ಹಾಗೆ ಹೇಳುವಂತಿಲ್ಲ. ಬೆಳೆಗೆ ಕಿಲೋಗಟ್ಟಲೆ ಬೇಕಾದ ಪೋಷಕಾಂಶ ಬೇರೆ, ಗ್ರಾಂಗಳಲ್ಲಿ ಬೇಕಾದ ಪೋಷಕಾಂಶ ಬೇರೆ. ಎಕರೆಗೆ 5 ಕ್ವಿಂಟಲ್ ನೆಲಗಡಲೆ ಕಾಯಿ ಬಂದರೆ ಅದರ ಬೀಜದಲ್ಲಿರುವ ಸತು 15 ಗ್ರಾಂ ಒಳಗೆ. ಅಷ್ಟಕ್ಕಾಗಿ ನಾವು ಮಣ್ಣಿಗೆ 4 ಕಿಲೋ ಸತುವಿನ ಸಲ್ಫೇಟ್ ಹಾಕಿ ಸುಮಾರು 840 ಗ್ರಾಂ ಸತು ಕೊಡುತ್ತೇವೆ. ಅದರ ಹೆಚ್ಚು ಭಾಗ ಮಣ್ಣಿನಲ್ಲಿ ಹಿಡಿದುಕೊಳ್ಳುತ್ತದೆ. ಇಂಥ ಕಡೆ ಚಿಕ್ಕ ಕಣಕ್ಕೆ ನಿಜವಾಗಿಯೂ ಅವಕಾಶವಿದೆ. ನೆರೆಯ ತಿರುಪತಿಯ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸತುವಿನ ಆಕ್ಸೈಡಿನ ನ್ಯಾನೊ ಕಣಗಳನ್ನು ನೆಲಗಡಲೆಯ ಮೇಲೆ ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಹತ್ತು ಲಕ್ಷದಲ್ಲಿ 1,000 ಭಾಗದ ದ್ರಾವಣದಲ್ಲಿ ಬೀಜೋಪಚಾರ ಮಾಡಿದಾಗ ಮೊಳಕೆ ಮತ್ತು ಸಸಿಯ ಕಸುವು ಹೆಚ್ಚಿತು. 2,000 ಭಾಗಕ್ಕೆ ಏರಿಸಿದಾಗ ಅದೇ ವಸ್ತು ಬೆಳವಣಿಗೆಗೆ ಅಡ್ಡಿಯಾಯಿತು. ಗುಣವಿರುವ ವಸ್ತುವಿಗೆ ಮಿತಿಯೂ ಇದೆ ಎಂಬುದಕ್ಕೆ ಇದು ನಿದರ್ಶನ.

ನೆಲಗಡಲೆಯ ಸುಣ್ಣಾಂಶದ ವಿಷಯ ಹಾಗಲ್ಲ. ಎಲೆಯ ಸುಣ್ಣಾಂಶ ಕೆಳಗಿಳಿದು ಕಾಯಿಗೆ ಸೇರುವುದಿಲ್ಲ. ಬೆಳೆಯುವ ಕಾಯಿ ತನ್ನ ಸಿಪ್ಪೆಯ ಮೂಲಕ ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುತ್ತದೆ. ಆದುದರಿಂದ ಎಲೆಗೆ ಸಿಂಪಡಿಸುವ ಯಾವ ನ್ಯಾನೊ ಕ್ಯಾಲ್ಸಿಯಂ ಬಾಟಲಿಯೂ ಎಕರೆಗೆ 200 ಕಿಲೋ ಜಿಪ್ಸಂನ ಬದಲಿಯಾಗದು. ಜಿಪ್ಸಂ ತಪ್ಪಿಸಿದರೆ ಜಳ್ಳು ಕಾಯಿ ತಪ್ಪದು.

ನಿಮ್ಮ ಹೊಲದಲ್ಲೇ ಪರೀಕ್ಷಿಸಿರಿ

ನಮ್ಮ ಮಾತನ್ನಾಗಲಿ, ಮಾರುವವರ ಮಾತನ್ನಾಗಲಿ ಕುರುಡಾಗಿ ನಂಬಬೇಕಾಗಿಲ್ಲ. ರಾಗಿ ಹೊಲದಲ್ಲಿ ಒಂದೇ ಬಗೆಯ ಮಣ್ಣಿರುವ ಕಡೆ ಐದೈದು ಗುಂಟೆಯ ಮೂರು ಪಟ್ಟಿ ಗುರುತು ಮಾಡಿರಿ. ಬಿತ್ತುವಾಗ ಮೂರಕ್ಕೂ ಒಂದೇ ಪ್ರಮಾಣದ ತಳಗೊಬ್ಬರ ಕೊಡಿರಿ. ಸುಮಾರು 30 ದಿನಕ್ಕೆ, ಭೂಮಿಯಲ್ಲಿ ಹಸಿ ಇರುವಾಗ, ಈ ಕೆಳಗಿನಂತೆ ಮಾಡಿರಿ.

ಮೊದಲನೆಯ ಪಟ್ಟಿ: ಶಿಫಾರಸಿನ ಮೇಲುಗೊಬ್ಬರ, ಐದು ಗುಂಟೆಗೆ ಸುಮಾರು 2.7 ಕಿಲೋ ಯೂರಿಯಾ.

ಎರಡನೆಯ ಪಟ್ಟಿ: ಯೂರಿಯಾ ಬೇಡ, ಬಾಟಲಿಯ ಮೇಲೆ ತಿಳಿಸಿದ ಪ್ರಮಾಣದ ನ್ಯಾನೊ ದ್ರಾವಣ.

ಮೂರನೆಯ ಪಟ್ಟಿ: ಯೂರಿಯಾವೂ ಬೇಡ, ನ್ಯಾನೊವೂ ಬೇಡ, ಅಷ್ಟೇ ಪ್ರಮಾಣದ ಬರೀ ನೀರು.

ಕೊಯ್ಲಾದ ಮೇಲೆ ಕಾಳು ಮತ್ತು ಹುಲ್ಲನ್ನು ಬೇರೆ ಬೇರೆ ತೂಗಿ ಬರೆದಿಡಿರಿ. ಮೂರನೆಯ ಪಟ್ಟಿಯನ್ನು ಬಿಡಬಾರದು. ಅದಿಲ್ಲದಿದ್ದರೆ ಬೆಳೆ ಬಂದುದು ಬಾಟಲಿಯಿಂದಲೋ, ಹಟ್ಟಿಗೊಬ್ಬರ ತಿಂದ ಭೂಮಿಯ ಸತ್ವದಿಂದಲೋ ತಿಳಿಯುವುದಿಲ್ಲ. ಎರಡು ಮತ್ತು ಮೂರನೆಯ ಪಟ್ಟಿಗಳ ಅಂತರ ಬಾಟಲಿಯ ನಿಜವಾದ ಗುಣ. ಒಂದು ಮತ್ತು ಎರಡರ ಅಂತರ, ಅದು ಮೂಟೆಯ ಬದಲಿಗೆ ಆದೀತೇ ಎಂಬುದರ ಉತ್ತರ. ಊರಿನ ಮೂರು ನಾಲ್ಕು ರೈತರು ಕೂಡಿ ಎರಡು ವರ್ಷ ಹೀಗೆ ಮಾಡಿದರೆ ಲೆಕ್ಕ ಇನ್ನೂ ಗಟ್ಟಿಯಾಗುತ್ತದೆ.

ಗಮನದಲ್ಲಿಡಬೇಕಾದ ಅಂಶಗಳು

1. ಗೊಬ್ಬರ ನಿಯಂತ್ರಣ ಆದೇಶದಡಿ ಅನುಮತಿ ಪಡೆದ ಉತ್ಪನ್ನವನ್ನೇ ಕೊಳ್ಳಿರಿ, ರಸೀದಿ ಪಡೆಯಿರಿ. ನ್ಯಾನೊ ಎಂಬ ಚೀಟಿ ಅಂಟಿಸಿದುದೆಲ್ಲ ನ್ಯಾನೊ ಅಲ್ಲ.

2. ಬಾಟಲಿಯ ಮೇಲೆ ಪೋಷಕಾಂಶ ಶೇಕಡ ಎಷ್ಟೆಂದು ಓದಿ, ಎಷ್ಟು ಗ್ರಾಂ ಆಯಿತೆಂದು ಲೆಕ್ಕ ಹಾಕಿರಿ.

3. ಸತು, ತಾಮ್ರ, ಬೆಳ್ಳಿಯ ನ್ಯಾನೊ ಕಣಗಳು ಜೀವಾಣುಗಳನ್ನು ಕೊಲ್ಲಬಲ್ಲವು. ರೈಜೋಬಿಯಂ ಲೇಪಿಸಿದ ನೆಲಗಡಲೆ ಬೀಜಕ್ಕೆ ಇವುಗಳನ್ನು ಬೆರೆಸಬೇಡಿರಿ.

4. ಸಿಂಪಡಿಸುವಾಗ ಮೂಗು ಬಾಯಿಗೆ ಮುಸುಕು, ಕೈಗವಸು ಇರಲಿ. ಗಾಳಿಗೆ ಎದುರಾಗಿ ಸಿಂಪಡಿಸಬೇಡಿರಿ.

5. ಬಾಡಿದ ಪೈರಿಗೆ ಸಿಂಪಡಿಸಿ ಫಲವಿಲ್ಲ.

ಮೈಗೆ ಸಂಬಂಧಿಸಿದ ಕೆಲಸಗಳಲ್ಲಿ, ಅಂದರೆ ನೀರು ಶುದ್ಧಿ ಮಾಡುವುದರಲ್ಲಿ, ತೇವ ಹಿಡಿಯುವುದರಲ್ಲಿ, ಗ್ರಾಂಗಳ ಲೆಕ್ಕದ ಸೂಕ್ಷ್ಮ ಪೋಷಕಾಂಶ ಒದಗಿಸುವುದರಲ್ಲಿ ನ್ಯಾನೊ ವಸ್ತುಗಳು ನಮಗೆ ನೆರವಾಗಬಲ್ಲವು. ಆದರೆ ತೂಕಕ್ಕೆ ತೂಕವೇ ಬೇಕು. ಮಣ್ಣು ಪರೀಕ್ಷೆ, ಹಟ್ಟಿಗೊಬ್ಬರ, ಕೆರೆ ಗೋಡು, ರೈಜೋಬಿಯಂ, ಜಿಪ್ಸಂ ಮತ್ತು ಶಿಫಾರಸಿನ ಗೊಬ್ಬರಗಳನ್ನು ಬಿಡದೆ, ಹೊಸದನ್ನು ಐದು ಗುಂಟೆಯಲ್ಲಿ ಅಳೆದು ನೋಡಿ ಮುಂದುವರಿಯುವುದು ಲೇಸು. ಹೆಚ್ಚಿನ ವಿವರಗಳಿಗೆ ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.