ಆಂಡಿ ಗೋಲ್ಡ್ಸ್‌ವರ್ದಿ

ಆಂಡಿ ಗೋಲ್ಡ್ಸ್‌ವರ್ದಿ (ಜನನ: ಜುಲೈ ೨೬, ೧೯೫೬) ಇಂಗ್ಲೆಂಡಿನಲ್ಲಿ ಜನಿಸಿದ ಶಿಲ್ಪಿ ಹಾಗೂ ಛಾಯಾಗ್ರಾಹಕರು. ಎಲೆ, ಕಲ್ಲು, ಮುಳ್ಳು, ಮಣ್ಣು, ಹಿಮ ಮುಂತಾದ ನೈಸರ್ಗಿಕ ವಸ್ತುಗಳಿಂದ, ಹೆಚ್ಚಾಗಿ ಅವು ದೊರೆತ ಸ್ಥಳದಲ್ಲಿಯೇ, ಶಿಲ್ಪಗಳನ್ನು ರಚಿಸುವುದು ಇವರ ವೈಶಿಷ್ಟ್ಯ. ಈ ಬಗೆಯ ಕಲೆಯನ್ನು ಭೂಕಲೆ ಎಂದು ಕರೆಯಬಹುದು. ಇವರ ಅನೇಕ ಕೃತಿಗಳು ಕೆಲವೇ ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಅಳಿದುಹೋಗುತ್ತವೆ. ಆ ಅಳಿವೂ ಕೃತಿಯ ಒಂದು ಭಾಗವೇ ಆಗಿದೆ.

ಜೀವನ

ಚೆಷೈರ್‌ನಲ್ಲಿ ಜನಿಸಿ ಯಾರ್ಕ್‌ಷೈರ್‌ನಲ್ಲಿ ಬೆಳೆದ ಗೋಲ್ಡ್ಸ್‌ವರ್ದಿ ೧೩ನೆಯ ವಯಸ್ಸಿನಿಂದಲೇ ಹೊಲಗಳಲ್ಲಿ ದುಡಿದರು. ಬ್ರಾಡ್‌ಫರ್ಡ್ ಕಲಾ ಕಾಲೇಜಿನಲ್ಲಿಯೂ ಅನಂತರ ಪ್ರೆಸ್ಟನ್ ಪಾಲಿಟೆಕ್ನಿಕ್‌ನಲ್ಲಿಯೂ (೧೯೭೫–೭೮) ವ್ಯಾಸಂಗ ಮಾಡಿದರು. ಬಹುಕಾಲದಿಂದ ಸ್ಕಾಟ್ಲೆಂಡಿನ ಪೆನ್‌ಪಾಂಟ್ ಗ್ರಾಮದಲ್ಲಿ ನೆಲೆಸಿದ್ದಾರೆ.

ಕಾರ್ಯವಿಧಾನ

ಅಲ್ಪಾಯುಷಿ ಕೃತಿಗಳಿಗೆ ಇವರು ಅಂಟು, ಮೊಳೆ, ಹಗ್ಗಗಳನ್ನು ಸಾಮಾನ್ಯವಾಗಿ ಬಳಸುವುದಿಲ್ಲ. ಎಲೆಗಳನ್ನು ಮುಳ್ಳುಗಳಿಂದಲೋ ಹುಲ್ಲಿನ ಕಡ್ಡಿಗಳಿಂದಲೋ ಜೋಡಿಸುತ್ತಾರೆ. ಮಂಜುಗಡ್ಡೆಯ ತುಂಡುಗಳನ್ನು ಒದ್ದೆಮಾಡಿ, ಚಳಿಗೆ ಹೆಪ್ಪುಗಟ್ಟಿಸಿ ಬೆಸೆಯುತ್ತಾರೆ. ಮಳೆ ಆರಂಭವಾಗುವಾಗ ನೆಲದ ಮೇಲೆ ಮಲಗಿ, ಸುತ್ತಲ ನೆಲ ನೆನೆದ ಬಳಿಕ ಎದ್ದು, ಒಣಗಿದ ದೇಹಾಕೃತಿಯನ್ನು ಉಳಿಸುವ 'ಮಳೆನೆರಳು'ಗಳೂ ಇವರ ಕೃತಿಗಳೇ. ಯಾವ ವಸ್ತು ಎಷ್ಟು ಭಾರ ತಾಳಬಲ್ಲದು, ಬಿಸಿಲು ಯಾವಾಗ ಬೀಳುವುದು, ಉಬ್ಬರ ಎಷ್ಟು ಹೊತ್ತಿಗೆ ಬರುವುದು ಎಂಬ ಅರಿವು ಇಂತಹ ಕೆಲಸಕ್ಕೆ ಅತ್ಯಗತ್ಯ. ಥಾಮಸ್ ರೀಡೆಲ್‌ಶೈಮರ್ ನಿರ್ದೇಶಿಸಿದ 'ರಿವರ್ಸ್ ಅಂಡ್ ಟೈಡ್ಸ್' (೨೦೦೧) ಸಾಕ್ಷ್ಯಚಿತ್ರದಲ್ಲಿ, ಕೆನಡಾದ ನೋವಾ ಸ್ಕೋಷಿಯಾ ಕಡಲತೀರದಲ್ಲಿ ಇವರು ಕಟ್ಟುವ ಕಲ್ಲಿನ ಶಂಕು ಮತ್ತೆ ಮತ್ತೆ ಕುಸಿಯುತ್ತದೆ. ಪ್ರತಿ ಕುಸಿತವೂ ಆ ಕಲ್ಲುಗಳ ಸ್ವಭಾವವನ್ನು ಇನ್ನಷ್ಟು ತಿಳಿಸಿಕೊಡುತ್ತದೆ. ಕೊನೆಗೆ ನಿಂತ ಶಂಕುವನ್ನು ಉಬ್ಬರದ ನೀರು ಮುಳುಗಿಸುತ್ತದೆ.

ಪ್ರಮುಖ ಕೃತಿಗಳು

ನ್ಯೂಯಾರ್ಕ್ ರಾಜ್ಯದ ಸ್ಟಾರ್ಮ್ ಕಿಂಗ್ ಕಲಾಕೇಂದ್ರದಲ್ಲಿರುವ 'ಸ್ಟಾರ್ಮ್ ಕಿಂಗ್ ವಾಲ್' (೧೯೯೭–೯೮) ೨,೨೭೮ ಅಡಿ ಉದ್ದದ, ಗಾರೆಯಿಲ್ಲದೆ ಕಟ್ಟಿದ ಕಲ್ಲುಗೋಡೆ. ಹಳೆಯ ಪಾಳುಗೋಡೆಯೊಂದರ ಜಾಡಿನಲ್ಲಿ ಸಾಗುವ ಇದು, ಎದುರಾದ ಮರಗಳನ್ನು ಬಳಸಿಕೊಂಡು ಹೋಗಿ ಕೊಳಕ್ಕಿಳಿದು ಆಚೆ ದಡದಲ್ಲಿ ಮೇಲೇರುತ್ತದೆ. ೨೦೦೦ದ ಜೂನ್ ೨೧ರಂದು ಲಂಡನ್ನಿನ ಬೀದಿಗಳಲ್ಲಿ ೧೩ ಬೃಹತ್ ಹಿಮದ ಉಂಡೆಗಳನ್ನು ಇರಿಸಲಾಯಿತು. ಅವು ಕರಗಿದಂತೆಲ್ಲ ಒಳಗೆ ಅಡಗಿಸಿದ್ದ ಉಣ್ಣೆ, ಬಾರ್ಲಿ, ಗರಿ ಮುಂತಾದವು ಹೊರಬಂದವು. ಸ್ಯಾನ್ ಫ್ರಾನ್ಸಿಸ್ಕೋದ ಪ್ರೆಸಿಡಿಯೊದಲ್ಲಿ ಕಡಿದ ಸೈಪ್ರೆಸ್ ಮರಗಳ ಕಾಂಡಗಳಿಂದ ೨೦೦೮ರಲ್ಲಿ ನಿರ್ಮಿಸಿದ 'ಸ್ಪೈರ್' ಶಿಲ್ಪವು, ಸುತ್ತಲೂ ನೆಟ್ಟ ಸಸಿಗಳು ಬೆಳೆದಂತೆ ಕ್ರಮೇಣ ಕಾಡಿನೊಳಗೆ ಮರೆಯಾಗಬೇಕೆಂಬುದು ಇವರ ಉದ್ದೇಶ. ೨೦೨೦ರಲ್ಲಿ ಬೆಂಕಿಯಿಂದ ಅದಕ್ಕೆ ಹಾನಿಯಾಯಿತು.

ಛಾಯಾಚಿತ್ರದ ಪಾತ್ರ

ಅಳಿದುಹೋಗುವ ಕೃತಿಗಳು ಹೆಚ್ಚಿನ ಜನರನ್ನು ತಲುಪುವುದು ಛಾಯಾಚಿತ್ರಗಳ ಮೂಲಕ. ಇದರಿಂದ ಒಂದು ಪ್ರಶ್ನೆ ಏಳುತ್ತದೆ: ನಿಜವಾದ ಕೃತಿ ಯಾವುದು, ಕರಗಿಹೋದ ಹಿಮವೋ ಉಳಿದ ಚಿತ್ರವೋ? ಕ್ಯಾಮೆರಾ ಒಂದು ಕ್ಷಣವನ್ನು ಮಾತ್ರ ಹಿಡಿಯಬಲ್ಲದು. ಬೆರಳುಗಳನ್ನು ಮರಗಟ್ಟಿಸಿದ ಚಳಿ, ಕಾಯುವಿಕೆ, ಕುಸಿತ ಇವು ಚಿತ್ರದ ಹೊರಗೇ ಉಳಿಯುತ್ತವೆ. ಹೀಗಾಗಿ ಛಾಯಾಚಿತ್ರವನ್ನು ಶಿಲ್ಪಕ್ಕೆ ಬದಲಿಯೆಂದು ತಿಳಿಯುವುದಕ್ಕಿಂತ, ಅದು ಅಲ್ಲಿ ಒಮ್ಮೆ ಇತ್ತೆಂಬುದರ ದಾಖಲೆಯೆಂದು ತಿಳಿಯುವುದು ಹೆಚ್ಚು ಸೂಕ್ತ.